ಮಿಬು ಗದ್ದೆಯ ಹೂನಾಟಿ

ಹಿರೋಷಿಮಾ ನಗರದಿಂದ ಉತ್ತರಕ್ಕೆ ಬಸ್ಸು ಹಿಡಿದರೆ ಬೆಟ್ಟಗಳ ನಡುವಿನ ಕಿತಾಹಿರೋಷಿಮಾ ಪಟ್ಟಣಕ್ಕೆ ಬರುತ್ತೇವೆ. ಅದರ ಒಂದು ಊರು ಮಿಬು. ದಾರಿಯ ಗದ್ದೆಗಳಲ್ಲೆಲ್ಲ ನಾಟಿ ಮುಗಿದಿದೆ. ಯಂತ್ರ ನೆಟ್ಟ ಸಾಲುಗಳು ನೂಲು ಹಿಡಿದಷ್ಟು ನೇರ. ಮಿಬುವಿನಲ್ಲಿ ಮಾತ್ರ ಒಂದು ಗದ್ದೆ ಇನ್ನೂ ನೀರು ತುಂಬಿಕೊಂಡು ಕಾದಿದೆ. ಜೂನ್ ತಿಂಗಳ ಮೊದಲ ಭಾನುವಾರದ ‘ಹನಾ ತವುಎ’ಗೆಂದೇ ಅದನ್ನು ಬಿಟ್ಟುಕೊಂಡಿದ್ದಾರೆ. ಹನಾ ಎಂದರೆ ಹೂ, ತವುಎ ಎಂದರೆ ನಾಟಿ.

ಮೊದಲು ಮಿಬು ದೇಗುಲಕ್ಕೆ ಹೋಗಬೇಕು. ಹನ್ನೆರಡಕ್ಕೂ ಹೆಚ್ಚು ದನಗಳಿಗೆ ಅಲ್ಲಿ ಸಿಂಗಾರ ನಡೆದಿರುತ್ತದೆ. ಕರಿಮೈಯ ಮೇಲೆ ಅಲಂಕಾರದ ಜೀನು, ಕೊರಳಿಗೆ ಬಣ್ಣದ ಹಾರ. ಅಲ್ಲಿಂದ ಮೆರವಣಿಗೆಯಲ್ಲಿ ಬಂದು ಗದ್ದೆಗೆ ಇಳಿಯುತ್ತವೆ. ನಮ್ಮ ಜೋಡೆತ್ತಿನ ನೊಗ ಇಲ್ಲಿಲ್ಲ. ಒಂದರ ಹಿಂದೆ ಒಂದು ಒಂಟಿಯಾಗಿಯೇ ನೇಗಿಲು ಎಳೆಯುತ್ತ ಗದ್ದೆ ಸುತ್ತುತ್ತವೆ. ಸ್ವಲ್ಪ ಹೊತ್ತಿಗೆಲ್ಲ ಆ ಸಿಂಗಾರಕ್ಕೂ ಕೆಸರು ಸಿಡಿದಿರುತ್ತದೆ. ನನಗೆ ಆಗಲೇ ಅವು ಹೆಚ್ಚು ಚೆಂದ ಕಂಡವು.

ಆಮೇಲೆ ಹಾಡು. ಮುಂದಾಳು ಹಿರಿಯನ ಕೈಯಲ್ಲಿ ಸೀಳುಬಿದಿರಿನ ‘ಸಸರ’. ಅದನ್ನು ಬಡಿದು ಅವನು ಒಂದು ಸಾಲು ಎತ್ತುತ್ತಾನೆ. ಸಾಲಾಗಿ ಬಾಗಿದ ಹೆಣ್ಣುಮಕ್ಕಳು, ‘ಸಾಒತೊಮೆ’ಗಳು, ಮರುಸಾಲು ಹಾಡುತ್ತ ಅಗೆ ಊರಿ ಒಂದು ಹೆಜ್ಜೆ ಹಿಂದಕ್ಕಿಡುತ್ತಾರೆ. ಅವನದು ಹೆತ್ತವರ ಹಾಡು, ಇವರದು ಮಗುವಿನ ಹಾಡು ಎಂಬ ಅರ್ಥದ ಹೆಸರುಗಳಿವೆ. ಬೆನ್ನಿಗೆ ಡೋಲು, ಕೊಳಲು, ಸಣ್ಣ ಜಾಗಟೆ. ದೊಡ್ಡ ಡೋಲಿನವರು ಕೋಲನ್ನು ಮೇಲೆ ಬೀಸಿ, ಮೈಯನ್ನು ಹಿಂದಕ್ಕೆ ಬಾಗಿಸಿ ಬಡಿಯುವಾಗ ಸದ್ದು ದಂಡೆಯ ಮೇಲೆ ನಿಂತವರ ಎದೆಗೇ ಬಂದು ಬೀಳುತ್ತದೆ.

ನೋಡುವವರಿಗೆ ಇದು ಕುಣಿತದಂತೆ ಕಂಡೀತು. ಆದರೆ ನಾಟಿ ಎಂದರೆ ದಿನವಿಡೀ ಸೊಂಟ ಬಗ್ಗಿಸುವ ಕೆಲಸ. ನೀರು ಇರುವಾಗಲೇ, ಅಗೆ ಬಲಿತುಹೋಗುವ ಮುಂಚೆಯೇ ಮುಗಿಯಬೇಕು. ಒಂದು ಮನೆಯವರ ಕೈಗೆ ಆಗದ್ದು. ಜಪಾನಿನ ಹಳ್ಳಿಗಳಲ್ಲಿ ಇದಕ್ಕೆ ‘ಯುಯಿ’ ಇತ್ತು: ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮದಕ್ಕೆ ನೀವು. ನಮ್ಮ ಮುಯ್ಯಾಳು ಇದೇ. ಅಷ್ಟು ಜನರ ಕೈ ಒಟ್ಟಿಗೆ ಏಳಲು, ಬೀಳಲು ತಾಳ ಬೇಕು. ಗುದ್ದಲಿಯಂತೆ, ನೇಗಿಲಿನಂತೆ ಈ ಹಾಡೂ ಒಂದು ಸಲಕರಣೆ ಎಂದೇ ನಾನು ತಿಳಿದಿದ್ದೇನೆ.

‘ಸನ್‌ಬಾಯ್’ ಎಂಬುದು ಗದ್ದೆಯ ದೇವರ ಹೆಸರು. ಹಾಡು ಎತ್ತುವ ಹಿರಿಯನನ್ನೂ ಹಾಗೆಯೇ ಕರೆಯುತ್ತಾರೆ. ದೇವರನ್ನು ಗದ್ದೆಗೆ ಕರೆತರುವ ಹೊಣೆ ಅವನದೇ. ಮಿಬು ಮತ್ತು ಕವಾಹಿಗಶಿ ಊರುಗಳವರು ಕೂಡಿ ಉಳಿಸಿಕೊಂಡ ಈ ಆಚರಣೆಯನ್ನು ಜಪಾನ್ ಸರ್ಕಾರ 1976ರಲ್ಲಿ ಮಹತ್ವದ ಜಾನಪದ ಸಂಪತ್ತೆಂದು ಗುರುತಿಸಿತು. 2011ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಹೋಗುವವರು ಕೊನೆಯ ಅಗೆ ಊರಿದೊಡನೆ ಎದ್ದು ಹೊರಡಬೇಡಿ. ಕೆಸರು ಮಟ್ಟ ಮಾಡಿದ ‘ಎಬುರಿ’ ಎಂಬ ಮರದ ಸಲಕರಣೆಯಲ್ಲಿ ಗದ್ದೆಯ ದೇವರು ನೆಲೆಸಿರುತ್ತಾನೆಂದು ನಂಬಿಕೆ. ಎಲ್ಲ ಮುಗಿದ ಮೇಲೆ ಅದನ್ನು ತಲೆಕೆಳಗಾಗಿ ನೀರಿನಲ್ಲಿ ನಿಲ್ಲಿಸಿ, ಮೂರು ಹಿಡಿ ಅಗೆ ಇಡುತ್ತಾರೆ.