ಒಂದು ‘ಎಷ್ಟು’, ಎರಡು ಪ್ರಶ್ನೆಗಳು: ಕಲಬುರಗಿ–ಕಮಲಾಪುರದ ಮನೆಮಾತು ಮತ್ತು ಇಂಗ್ಲಿಷಿನ ಪರಿಮಾಣಪ್ರಶ್ನೆಗಳ ಅಭ್ಯಾಸ

ಕನ್ನಡ ಮನೆಮಾತಿನ ವಿದ್ಯಾರ್ಥಿಗಳು ಇಂಗ್ಲಿಷಿನ ‘ಹೌ ಮಚ್’ ಮತ್ತು ‘ಹೌ ಮೆನಿ’ಗಳನ್ನು ಅದಲುಬದಲು ಮಾಡುವುದು ಬೋಧಕರೆಲ್ಲರಿಗೂ ಪರಿಚಿತ ಸಂಗತಿ. ಎಣಿಸಬಹುದಾದುದಕ್ಕೂ ಎಣಿಸಲಾಗದುದಕ್ಕೂ ಇರುವ ಭೇದವನ್ನು ಅವರು ಗ್ರಹಿಸಿಲ್ಲವೆಂಬುದು ಇದಕ್ಕೆ ರೂಢಿಯ ವಿವರಣೆ. ಈ ವಿವರಣೆಯನ್ನು ನಾವು ಒಪ್ಪುವುದಿಲ್ಲ. ನೀರನ್ನು ಕೊಡಗಳಲ್ಲಿಯೂ ರೊಟ್ಟಿಯನ್ನು ಸಂಖ್ಯೆಯಲ್ಲಿಯೂ ಲೆಕ್ಕ ಹಾಕುವ ಮನೆಯಲ್ಲಿ ಬೆಳೆದವರಿಗೆ ಆ ಭೇದ ಹೊಸದಲ್ಲ. ಆದರೆ ಇಂಗ್ಲಿಷ್ ಅದನ್ನು ಪ್ರಶ್ನಾಪದದಲ್ಲಿಯೇ, ನಾಮಪದ ಬರುವ ಮೊದಲೇ, ಹೇಳಿಬಿಡಬೇಕೆಂದು ಬಯಸುತ್ತದೆ. ಕಷ್ಟ ಇರುವುದು ಅಲ್ಲಿ.

ಕನ್ನಡದ ‘ಎಷ್ಟು’ ಅಂಥ ಬೇಡಿಕೆಯನ್ನು ಇಡುವುದಿಲ್ಲ. ಎಷ್ಟು ನೀರು, ಎಷ್ಟು ಕೊಡ, ಎಷ್ಟು ಮಂದಿ, ಎಷ್ಟು ದೂರ, ಎಷ್ಟು ಹೊತ್ತು: ಎಲ್ಲಕ್ಕೂ ಒಂದೇ ಪದ. ನಪುಂಸಕ ನಾಮಗಳಲ್ಲಿ ಸಂಖ್ಯಾವಾಚಕದ ಮುಂದೆ ಬಹುವಚನ ಪ್ರತ್ಯಯವೂ ಕಡ್ಡಾಯವಲ್ಲ. ‘ಎರಡು ರೊಟ್ಟಿ’ ಎಂದರೆ ಸಾಕು. ಕನ್ನಡ ಬಿಗಿಯಾಗಿರುವುದು ಮನುಷ್ಯವಾಚಕಗಳಲ್ಲಿ. ‘ಎರಡು ಹುಡುಗ’ ಎನ್ನಲಾಗದು, ‘ಇಬ್ಬರು ಹುಡುಗರು’ ಎನ್ನಬೇಕು. ಹಳಗನ್ನಡದಲ್ಲಿ ‘ಎನಿತು’ವಿನ ಜೊತೆಗೆ ಮನುಷ್ಯರಿಗಾಗಿ ‘ಎನಿಬರ್’ ಎಂಬ ಪ್ರತ್ಯೇಕ ರೂಪವೂ ಇತ್ತು. ಹೀಗಾಗಿ ಕನ್ನಡಕ್ಕೆ ವಿಂಗಡಣೆಯೇ ಇಲ್ಲವೆಂಬುದು ಸರಿಯಲ್ಲ. ಅದರ ಗೆರೆ ಮನುಷ್ಯ–ಮನುಷ್ಯೇತರಗಳ ನಡುವೆ ಹಾಯುತ್ತದೆ, ಎಣಿಕೆ–ರಾಶಿಗಳ ನಡುವೆ ಅಲ್ಲ.

ಕಲಬುರಗಿಯ ತರಗತಿಯಲ್ಲಿ ಕನ್ನಡವೊಂದೇ ಇರುವುದಿಲ್ಲ. ತೆಲುಗು ‘ಎಂತ’, ‘ಎನ್ನಿ’, ‘ಎಂತಮಂದಿ’ ಎಂದು ಮೂರಾಗಿ ಒಡೆಯುತ್ತದೆ. ಮರಾಠಿಯ ‘ಕಿತೀ’ ನಮ್ಮ ‘ಎಷ್ಟು’ವಿನ ಹಾಗೆ ಬದಲಾಗದೆ ನಿಲ್ಲುತ್ತದೆ. ಉರ್ದುವಿನಲ್ಲಿ ಪದ ಒಂದೇ ಆದರೂ ನಾಮಪದದ ಲಿಂಗವಚನಗಳನ್ನು ಅನುಸರಿಸಿ ‘ಕಿತನಾ ಪಾನಿ’, ‘ಕಿತನೇ ಕಮರೇ’ ಎಂದು ರೂಪ ಬದಲಿಸುತ್ತದೆ. ಸ್ಟಾಕ್‌ವೆಲ್, ಬೊವೆನ್ ಮತ್ತು ಮಾರ್ಟಿನ್ 1965ರಲ್ಲಿ ಮಂಡಿಸಿದ ಕ್ಲಿಷ್ಟತೆಯ ಶ್ರೇಣಿಯ ಪ್ರಕಾರ, ಮೊದಲ ಭಾಷೆಯ ಒಂದು ಘಟಕ ಎರಡನೆಯ ಭಾಷೆಯಲ್ಲಿ ಎರಡಾಗಿ ಒಡೆಯುವುದು ಕಲಿಯುವವರಿಗೆ ಅತಿ ಕಠಿಣ. ಎರಡು ಕೂಡಿ ಒಂದಾಗುವುದು ಅಷ್ಟು ಕಠಿಣವಲ್ಲ. ಆ ಲೆಕ್ಕದಲ್ಲಿ ತೆಲುಗು ಮನೆಮಾತಿನವರಿಗೆ ಹಾದಿ ಸುಗಮ, ಕನ್ನಡ ಮತ್ತು ಮರಾಠಿಯವರಿಗೆ ದುರ್ಗಮ. ಉರ್ದುವಿನವರ ವಿಷಯದಲ್ಲಿ ಮಾತ್ರ ನಾವು ಆತುರಪಡಬಾರದು. ಈ ನಗರದ ಮನೆಗಳಲ್ಲಿ ನುಡಿಯುವ ದಖನಿಯ ಲಿಂಗಾನ್ವಯ ಶಿಷ್ಟ ಉರ್ದುವಿನಂತೆಯೇ ನಡೆಯುವುದಿಲ್ಲ.

ಪಠ್ಯಪುಸ್ತಕದ ಅಭ್ಯಾಸಗಳು ಈ ಕಷ್ಟವನ್ನು ಮುಟ್ಟುವುದೇ ಇಲ್ಲ. ‘ಬಿಟ್ಟ ಸ್ಥಳ ತುಂಬಿರಿ’ ಎಂಬಲ್ಲಿ ನಾಮಪದ ಕಣ್ಣೆದುರಿಗೇ ಇರುತ್ತದೆ. ವಿದ್ಯಾರ್ಥಿ ಅದನ್ನು ನೋಡಿ ಹಿಂದಕ್ಕೆ ಬಂದು ಪ್ರಶ್ನಾಪದವನ್ನು ಆರಿಸುತ್ತಾನೆ. ಮಾತಿನಲ್ಲಿ ಹಿಂದಕ್ಕೆ ಬರಲು ಅವಕಾಶವಿಲ್ಲ. ಅಷ್ಟೇ ಅಲ್ಲ, ಮನೆಮಾತಿನಲ್ಲಿ ನಾಮಪದವೇ ಲೋಪವಾಗುತ್ತದೆ. ಊಟಕ್ಕೆ ಕುಳಿತವರ ಮುಂದೆ ತಾಯಿ ರೊಟ್ಟಿಯ ಬುಟ್ಟಿ ಹಿಡಿದು ‘ಎಷ್ಟ್ ನೀಡ್ಲಿ?’ ಎನ್ನುತ್ತಾಳೆ, ‘ಒಂದ ಸಾಕವ್ವ’ ಎಂಬ ಉತ್ತರ ಬರುತ್ತದೆ. ಪುಂಡಿಪಲ್ಯದ ಪಾತ್ರೆ ಹಿಡಿದು ಅದೇ ‘ಎಷ್ಟ್ ನೀಡ್ಲಿ?’; ಈ ಬಾರಿ ಉತ್ತರ ‘ಜರಾ ನೀಡು’. ಪ್ರಶ್ನೆ ಅಕ್ಷರಶಃ ಒಂದೇ, ಭೇದ ಕಾಣುವುದು ಉತ್ತರದಲ್ಲಿ. ಇಂಗ್ಲಿಷಿನಲ್ಲಿ ರೊಟ್ಟಿಯ ಬುಟ್ಟಿಗೆ ‘ಹೌ ಮೆನಿ’, ಪಲ್ಯದ ಪಾತ್ರೆಗೆ ‘ಹೌ ಮಚ್’. ನಾಮಪದವನ್ನು ಉಚ್ಚರಿಸದಿದ್ದರೂ ಅದರ ವರ್ಗವನ್ನು ನುಡಿಯಲೇಬೇಕು. ಪರೀಕ್ಷೆಯಲ್ಲಿ ಪೂರ್ಣಾಂಕ ಪಡೆದವರು ಸಂದರ್ಶನದ ಸಾಮಾನ್ಯ ಮಾತಿನಲ್ಲಿ ತಡವರಿಸಿ, ತಮಗೆ ಇಂಗ್ಲಿಷ್ ಬರುವುದೇ ಇಲ್ಲವೆಂದು ನಂಬಿಬಿಡುವುದರ ಮೂಲವನ್ನು ನಾವು ಇಲ್ಲಿ ಹುಡುಕಬೇಕು. ಮನೆಯ ಮಾತು ಸುಲಭ, ಆದ್ದರಿಂದ ಅಲ್ಲಿಂದ ಆರಂಭಿಸೋಣ ಎಂಬ ವಾದಕ್ಕಿಂತ, ಅಲ್ಲಿಯೇ ಲೋಪ ಹೆಚ್ಚು, ಆದ್ದರಿಂದ ಅಲ್ಲಿಯೇ ಅಭ್ಯಾಸ ಬೇಕು ಎಂಬ ವಾದ ಬಲವಾದುದು.

ವಸ್ತುವನ್ನು ನೋಡಿ ವರ್ಗವನ್ನು ಊಹಿಸಲಾಗದು ಎಂಬುದೂ ನಿಜ. ‘ರೈಸ್’, ‘ವೀಟ್’ ರಾಶಿನಾಮಗಳು. ‘ಲೆಂಟಿಲ್ಸ್’, ‘ಓಟ್ಸ್’ ಬಹುವಚನಗಳು. ಕಾಳಿನ ಗಾತ್ರ ಇದನ್ನು ವಿವರಿಸುವುದಿಲ್ಲ. ಭೌಗೋಳಿಕ ಸೂಚಕ ಪಡೆದ ಕೆಂಪು ಬಾಳೆಯ ಊರಾದ ಕಮಲಾಪುರದಲ್ಲಿ ‘ಬಾಳೆಹಣ್ಣು ಎಷ್ಟು?’ ಎಂದರೆ ಅಂಗಡಿಯಲ್ಲಿ ಬೆಲೆ, ಮನೆಯಲ್ಲಿ ಸಂಖ್ಯೆ. ಹಣ್ಣು ಎಣಿಕೆನಾಮವೇ ಆದರೂ ಬೆಲೆ ಕೇಳುವಾಗ ‘ಹೌ ಮಚ್’ ಬರುತ್ತದೆ. ನಾಮಪದಗಳ ಎರಡು ಪಟ್ಟಿಗಳನ್ನು ಬಾಯಿಪಾಠ ಮಾಡಿಸುವ ಕ್ರಮ ಇಲ್ಲಿಗೆ ಬಂದು ನಿಲ್ಲುತ್ತದೆ.

ಹಾಗಾದರೆ ಅಭ್ಯಾಸದ ರೀತಿ ಯಾವುದು? 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದು ಹೆಸರಾದ ಪ್ರಯೋಗ ನಮಗೆ ಹತ್ತಿರದ ಆಧಾರ. ಮಾಹಿತಿ, ತರ್ಕ, ಅಭಿಪ್ರಾಯ ಎಂಬ ಮೂರು ಬಗೆಯ ಅಂತರಗಳ ಮೇಲೆ ಚಟುವಟಿಕೆಗಳನ್ನು ವಿಂಗಡಿಸಿ, ತರ್ಕದ ಅಂತರವುಳ್ಳವು ಹೆಚ್ಚು ಫಲಕಾರಿ ಎಂದು ಅವರು 1987ರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ಯಲ್ಲಿ ವಾದಿಸಿದರು. ಇದನ್ನು ಅಡುಗೆಮನೆಗೆ ತರುವುದು ಕಷ್ಟವಲ್ಲ. ಮನೆಯಲ್ಲಿ ಕುಬಸ; ಬರುವವರು 30 ಮಂದಿ; ಡಬ್ಬಿಯಲ್ಲಿ ಇರುವ ಜೋಳದ ಹಿಟ್ಟು ಇಷ್ಟು. ಒಬ್ಬಳಿಗೆ ಅತಿಥಿಗಳ ವಿವರ ಗೊತ್ತು, ಇನ್ನೊಬ್ಬಳಿಗೆ ದಾಸ್ತಾನಿನ ವಿವರ. ಹಿಟ್ಟು ಸಾಲುವುದೇ ಎಂದು ಇಬ್ಬರೂ ನಿರ್ಧರಿಸಬೇಕು. ಮಂದಿ, ರೊಟ್ಟಿ, ಹಿಟ್ಟು, ಎಣ್ಣೆ, ತಟ್ಟೆ ಎಂದು ಮಾತು ಸಾಗುವಾಗ ಎರಡೂ ಪ್ರಶ್ನಾಪದಗಳು ಬೆರಕೆಯಾಗಿ ಬೇಕಾಗುತ್ತವೆ. ಪ್ರಭು ಅವರಿಗಿಂತ ನಾವು ಒಂದು ಹೆಜ್ಜೆ ಬೇರೆ ಇಡುತ್ತೇವೆ: ಅರ್ಥದ ಮೇಲೆ ಗಮನವಿಟ್ಟರೆ ರೂಪ ತಾನಾಗಿ ಬರುವುದೆಂದು ಕಾಯದೆ, ಮೊದಲ ಸುತ್ತಿನಲ್ಲಿ ಅಳತೆಯ ಪದಗಳನ್ನು ಕೊಟ್ಟುಬಿಡುತ್ತೇವೆ. ‘ಎಷ್ಟು ಕೊಡ ನೀರು’ ಎಂಬ ಕನ್ನಡದ ಕಟ್ಟಡವೇ ‘ಹೌ ಮೆನಿ ಪಾಟ್ಸ್ ಆಫ್ ವಾಟರ್’ಗೆ ಸೇತುವೆ. ಅಳತೆಯ ಪದವನ್ನು ತೆಗೆದಾಗ ಪ್ರಶ್ನಾಪದವೂ ಬದಲಾಗುವುದನ್ನು ವಿದ್ಯಾರ್ಥಿಗಳು ಆಗ ತಾವೇ ಕಾಣುತ್ತಾರೆ.

ಪ್ರಶ್ನೆಗಳ ಆಯ್ಕೆಯಲ್ಲಿ ಲೋಕರೂಢಿಯೂ ಮುಖ್ಯ. ‘ಎಷ್ಟು ರೊಟ್ಟಿ ಉಂಡೆ?’ ಎಂದು ತರಗತಿಯಲ್ಲಿ ಕೇಳಿಸುವುದು ಉಚಿತವಲ್ಲ. ಉಂಡದ್ದನ್ನು ಎಣಿಸಿದರೆ ದೃಷ್ಟಿಯಾಗುತ್ತದೆಂಬ ಭಾವನೆ ಈ ಭಾಗದ ಮನೆಗಳಲ್ಲಿದೆ. ನೀಡುವವರ ಪ್ರಶ್ನೆಗೆ ಆ ದೋಷವಿಲ್ಲ. ‘ಮನ್ಯಾಗ ಎಷ್ಟ್ ಮಂದಿ ಅದೀರಿ?’ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಅಲ್ಲಿನ ಮಧ್ಯಮಪುರುಷ ಕ್ರಿಯಾಪದವೇ ‘ಹೌ ಮೆನಿ ಪೀಪಲ್ ಆರ್ ಯೂ’ ಎಂಬ ರಚನೆಗೆ ಕಾರಣ. ಪ್ರಶ್ನಾಪದ ಸರಿಯಾಗಿ ಬಂದಿರುವಾಗ ಕ್ರಿಯಾಪದದ ತಿದ್ದುಗೆಯನ್ನು ಇನ್ನೊಂದು ದಿನಕ್ಕೆ ಬಿಡಬಹುದು.

ನಲ್ಲಿಯ ನೀರಿನ ಮಾತು ಬಂದಾಗ ಇನ್ನೊಂದು ತೊಡಕು. ‘ಎಷ್ಟು ದಿನಕ್ಕೊಮ್ಮೆ’ ಎಂಬುದಕ್ಕೆ ಪಠ್ಯ ಬಯಸುವ ಉತ್ತರ ‘ಹೌ ಆಫನ್’. ವಿದ್ಯಾರ್ಥಿಗಳು ‘ಒನ್ಸ್ ಇನ್ ಹೌ ಮೆನಿ ಡೇಸ್’ ಎನ್ನುತ್ತಾರೆ. ಇದನ್ನು ತಪ್ಪೆಂದು ಹೊಡೆದುಹಾಕಲು ನಮಗೆ ಕಾರಣ ಕಾಣುವುದಿಲ್ಲ. ದಿನಗಳು ಎಣಿಕೆಗೆ ಸಿಗುತ್ತವೆ ಎಂಬುದನ್ನು ಅವರು ಸರಿಯಾಗಿಯೇ ಗುರುತಿಸಿದ್ದಾರೆ. ‘ನೀನು ಎಷ್ಟನೆಯ ಮಗಳು?’ ಎಂಬುದಕ್ಕೆ ಮಾತ್ರ ಇಂಗ್ಲಿಷಿನಲ್ಲಿ ನೇರವಾದ ರೂಪವೇ ಇಲ್ಲ. ಅದನ್ನು ‘ಎಷ್ಟು ಮಂದಿ ಮಕ್ಕಳು?’, ‘ನಿನಗಿಂತ ಹಿರಿಯರು ಎಷ್ಟು ಮಂದಿ?’ ಎಂದು ಎರಡು ಪ್ರಶ್ನೆಗಳಾಗಿ ಬಿಡಿಸಿಕೊಳ್ಳಬೇಕು. ಎರಡಕ್ಕೂ ‘ಹೌ ಮೆನಿ’ಯೇ ಸಲ್ಲುತ್ತದೆ.