ಲಾರಿ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ಟೂ ಅದನ್ನು ಬಿಗಿಯುವ ಬೋಲ್ಟುಗಳೂ



ಹೆದ್ದಾರಿಯ ಮಗ್ಗುಲಲ್ಲಿ ಮುಂಭಾಗವನ್ನು ತೆರೆದುಕೊಂಡು ನಿಂತಿರುವ ಸರಕು ಲಾರಿಗಳನ್ನು ನೀವು ಕಂಡಿರುವಿರಿ. ರೇಡಿಯೇಟರಿನಿಂದ ಹಬೆಯೇಳುತ್ತಿರುವುದು, ಚಾಲಕನು ತಲೆಯ ಮೇಲೆ ಕೈಹೊತ್ತು ಕುಳಿತಿರುವನು. ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂಬ ಮಾತಿನೊಡನೆ ಅವನ ಎಷ್ಟೋ ದಿನಗಳ ಸಂಪಾದನೆಯೂ ಹೋದಂತೆಯೇ. ಬಿಚ್ಚಿ ಹೊಸದನ್ನು ಹಾಕಿಸಿದ ಲಾರಿಯು ಕೆಲವೇ ತಿಂಗಳುಗಳಲ್ಲಿ ಮತ್ತೆ ಹಾಗೆಯೇ ನಿಂತುಬಿಟ್ಟರೆ ಅವನ ಪಾಡು ಹೇಳತೀರದು. ಈ ಎರಡನೆಯ ಸೋಲು ಏಕೆ ಬರುತ್ತದೆ, ಅದನ್ನು ತಪ್ಪಿಸುವ ಬಗೆ ಯಾವುದು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಉದಾಹರಣೆಗಾಗಿ ಒಂದು ಎಂಜಿನ್ನನ್ನು ತೆಗೆದುಕೊಳ್ಳೋಣ. ಅಮೆರಿಕದ ಕಮ್ಮಿನ್ಸ್ ಕಂಪೆನಿಯ 5.9 ಲೀಟರಿನ, ಆರು ಸಿಲಿಂಡರುಗಳ, ಹನ್ನೆರಡು ಕವಾಟಗಳ ಡೀಸೆಲ್ ಎಂಜಿನ್ನು ಬಹು ಪ್ರಸಿದ್ಧವಾದುದು. 1989ರಿಂದ ಅದು ಅಲ್ಲಿಯ ಡಾಡ್ಜ್ ಲಾರಿಗಳಲ್ಲಿ ಬಂದಿತು. 1993ರಲ್ಲಿ ಟಾಟಾ ಮತ್ತು ಕಮ್ಮಿನ್ಸ್ ಕೂಡಿ ಜಮ್‌ಶೆಡ್‌ಪುರದಲ್ಲಿ ಸಂಸ್ಥೆಯೊಂದನ್ನು ಕಟ್ಟಿದ ಮೇಲೆ ಇದೇ ವಂಶದ ಎಂಜಿನ್ನುಗಳು ನಮ್ಮ ರಸ್ತೆಗಳಿಗೂ ಪರಿಚಿತವಾದವು.

ಎಂಜಿನ್ನಿನ ಕೆಳಭಾಗವಾದ ಬ್ಲಾಕಿನಲ್ಲಿ ಸಿಲಿಂಡರುಗಳಿವೆ. ಅವುಗಳ ಮೇಲೆ ಮುಚ್ಚಳದಂತೆ ಕುಳಿತಿರುವುದು ಹೆಡ್ಡು. ಇವೆರಡರ ನಡುವಣ ತೆಳುವಾದ ಹಾಳೆಯೇ ಗ್ಯಾಸ್ಕೆಟ್ಟು. ಬೆಂಕಿ, ನೀರು, ಎಣ್ಣೆ ಈ ಮೂರೂ ಅದರ ರಂಧ್ರಗಳ ಮೂಲಕ ಅಕ್ಕಪಕ್ಕದಲ್ಲಿಯೇ ಇದ್ದು ಒಂದನ್ನೊಂದು ಮುಟ್ಟಕೂಡದು. ಬೆಂಕಿಯನ್ನು ತಡೆಯುವುದಕ್ಕಾಗಿ ಪ್ರತಿಯೊಂದು ಸಿಲಿಂಡರಿನ ಅಂಚಿಗೂ ಲೋಹದ ಬಳೆಯಿರುತ್ತದೆ.

ಈಗ ಅಲ್ಲಿಯ ಒತ್ತಡವನ್ನು ಲೆಕ್ಕ ಹಾಕಿ ನೋಡೋಣ. ಸಿಲಿಂಡರಿನ ವ್ಯಾಸ 102 ಮಿಲಿಮೀಟರು. ಅಂದರೆ ಅದರ ಬಾಯಿಯ ವಿಸ್ತೀರ್ಣ ಸುಮಾರು 82 ಚದರ ಸೆಂಟಿಮೀಟರು. ಇಂಧನ ಉರಿದ ಕ್ಷಣದಲ್ಲಿ ಒತ್ತಡವು ವಾಯುಮಂಡಲದ ಒತ್ತಡದ 120 ರಷ್ಟಾಗುವುದೆಂದು ಹಿಡಿದರೆ, ಹೆಡ್ಡನ್ನು ಮೇಲಕ್ಕೆ ದೂಡುವ ಬಲವು ಸುಮಾರು 10 ಟನ್ ಆಗುತ್ತದೆ. ದಸರೆಯಲ್ಲಿ ಅಂಬಾರಿ ಹೊರುವಂಥ ಎರಡು ಆನೆಗಳ ತೂಕ! ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿಯೂ ಈ ಹೊಡೆತ ನಿಮಿಷಕ್ಕೆ 1,000 ಸಲ ಬೀಳುತ್ತದೆ.

ಇದನ್ನು ತಡೆಯುವುವು 26 ಬೋಲ್ಟುಗಳು. ಒಂದೊಂದು ಸಿಲಿಂಡರಿನ ಸುತ್ತಲೂ ಆರು. ನಡುವಿನವು ನೆರೆಯ ಸಿಲಿಂಡರಿಗೂ ಸೇರಿದವು. ಬೋಲ್ಟೆಂದರೆ ಗೂಟವೆಂದು ನಾವು ಭಾವಿಸುತ್ತೇವೆ. ಅದು ನಿಜವಾಗಿ ಒಂದು ಸ್ಪ್ರಿಂಗು. ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ; ಹಿಗ್ಗಿದ್ದು ಕುಗ್ಗಲೆಳಸುವುದರಿಂದ ಹೆಡ್ಡು ಬ್ಲಾಕಿಗೆ ಅದುಮಿ ನಿಲ್ಲುತ್ತದೆ. ಈ ಅದುಮು ಒಳಗಿನ ಹೊಡೆತಕ್ಕಿಂತ ಸದಾ ಹೆಚ್ಚಾಗಿರುವವರೆಗೆ ಸಂದು ಬಾಯ್ಬಿಡುವುದಿಲ್ಲ. ಕಡಮೆಯಾಯಿತೋ, ಪ್ರತಿಯೊಂದು ಹೊಡೆತಕ್ಕೂ ಹೆಡ್ಡು ಕಣ್ಣಿಗೆ ಕಾಣದಷ್ಟು ಏಳುತ್ತದೆ. ಬಿಸಿಯ ಅನಿಲ ನುಗ್ಗಿ ಗ್ಯಾಸ್ಕೆಟ್ಟಿನ ಬಳೆಯನ್ನು ಸುಡುತ್ತದೆ. ಆದುದರಿಂದ ಹೊಸ ಗ್ಯಾಸ್ಕೆಟ್ಟಿನ ಆಯುಸ್ಸು ಬೋಲ್ಟುಗಳ ಹಿಗ್ಗಿನಲ್ಲಿದೆ.

ಆದರೂ ಬಿಚ್ಚುವುದಕ್ಕೆ ಮುಂಚೆ ರೋಗನಿದಾನವಾಗಬೇಕು. ಸೋರಿಕೆ ಕಾಣದೆ ನೀರು ಕಡಮೆಯಾಗುವುದು, ರೇಡಿಯೇಟರಿನಲ್ಲಿ ಗುಳ್ಳೆಯೇಳುವುದು, ಎಣ್ಣೆ ಹಾಲು ಬೆರೆತಂತಾಗುವುದು, ಇವು ಲಕ್ಷಣಗಳು. ರೇಡಿಯೇಟರಿನ ಬಾಯಿಂದೇಳುವ ಗಾಳಿಯನ್ನು ಒಂದು ಬಗೆಯ ನೀಲಿ ದ್ರವದ ಮೂಲಕ ಹಾಯಿಸಿದರೆ, ಉರಿದ ಅನಿಲ ಅದರಲ್ಲಿದ್ದಲ್ಲಿ ದ್ರವವು ಹಸುರಿಗೋ ಹಳದಿಗೋ ತಿರುಗುತ್ತದೆ. ಇಷ್ಟರಿಂದ ಗ್ಯಾಸ್ಕೆಟ್ಟೇ ಕೆಟ್ಟಿದೆಯೆಂದು ಹೇಳಲಾಗದು. ಹೆಡ್ಡು ಬಿರಿದಿದ್ದರೂ ಹೀಗಾಗಬಹುದು. ಗ್ಯಾಸ್ಕೆಟ್ಟೇ ಕೆಟ್ಟಿದ್ದರೂ ಅದು ತಾನಾಗಿ ಕೆಡುವುದು ಅಪರೂಪ. ಕಟ್ಟಿಕೊಂಡ ರೇಡಿಯೇಟರು, ತೆರೆಯದ ಥರ್ಮೋಸ್ಟಾಟು, ದುಡಿಯದ ನೀರಿನ ಪಂಪು, ಶಕ್ತಿಯ ಆಸೆಗಾಗಿ ಮಿತಿಮೀರಿ ಹೆಚ್ಚಿಸಿದ ಇಂಧನ ಇವುಗಳಲ್ಲೊಂದು ಹಿಂದೆ ಇದ್ದೇ ಇರುತ್ತದೆ. ಆ ಮೂಲವನ್ನು ಹಾಗೆಯೇ ಬಿಟ್ಟು ಹಾಳೆಯನ್ನು ಮಾತ್ರ ಬದಲಿಸುವುದು ಜ್ವರವನ್ನು ಬಿಟ್ಟು ಬೆವರನ್ನು ಒರಸಿದಂತೆ.

ಬಿಚ್ಚುವಾಗ ಎಂಜಿನ್ನು ಪೂರ್ತಿ ತಣ್ಣಗಾಗಿರಬೇಕು. ಬೋಲ್ಟುಗಳನ್ನು ಬಿಗಿದ ಕ್ರಮಕ್ಕೆ ವಿಲೋಮವಾಗಿ, ಅಂಚಿನಿಂದ ನಡುವಿಗೆ, ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ತಳ್ಳುಕಡ್ಡಿಗಳನ್ನು ಅವವುಗಳ ಸ್ಥಾನ ತಪ್ಪದಂತೆ ಎತ್ತಿಡಬೇಕು. ಹೆಡ್ಡು ಬಲು ಭಾರವಾದುದರಿಂದ ಅದನ್ನೆತ್ತಲು ಚೈನ್ ಕಪ್ಪಿಯಿರುವುದು ಲೇಸು. ಬಳಿಕ ನೇರಪಟ್ಟಿಯನ್ನು ಅದರ ಮೇಲ್ಮೈಗೆ ಅಡ್ಡಲಾಗಿಯೂ ಓರೆಯಾಗಿಯೂ ಇಟ್ಟು, ಅಡಿಯಲ್ಲಿ ಫೀಲರ್ ಗೇಜಿನ ತೆಳು ಎಲೆಗಳನ್ನು ತೂರಿಸಿ ನೋಡಬೇಕು. ತಯಾರಕರು ಒಪ್ಪುವ ಸೊಟ್ಟು ಬಲು ಕಡಮೆ. ಹೆಚ್ಚಾಗಿದ್ದರೆ ಹೆಡ್ಡನ್ನು ಯಂತ್ರದಲ್ಲಿ ಹೆರೆಸತಕ್ಕದ್ದು. ಹೆರೆದಷ್ಟನ್ನು ತುಂಬಲು ದಪ್ಪನೆಯ ಗ್ಯಾಸ್ಕೆಟ್ಟುಗಳು ದೊರೆಯುತ್ತವೆ. ಬ್ಲಾಕಿನ ಮೇಲ್ಮೈಯನ್ನು ತಿರುಗುವ ಉಜ್ಜುಬಿಲ್ಲೆಯಿಂದ ಉಜ್ಜಬಾರದು. ಅದರ ಪುಡಿ ಎಣ್ಣೆಯ ದಾರಿ ಹಿಡಿದು ಬೇರಿಂಗುಗಳನ್ನು ತಿನ್ನುತ್ತದೆ.

ಇನ್ನು ಬೋಲ್ಟುಗಳ ಆಯ್ಕೆ. ಬೋಲ್ಟಿನ ತಲೆಯ ಮೇಲೆ 8.8, 10.9, 12.9 ಎಂಬ ಅಂಕಿಗಳಿರುತ್ತವೆ. 10.9 ಎಂದರೆ, ತುಂಡಾಗುವ ಮಿತಿ ಚದರ ಮಿಲಿಮೀಟರಿಗೆ 1,000 ನ್ಯೂಟನ್. ಅದರ ಹತ್ತರಲ್ಲಿ ಒಂಬತ್ತು ಪಾಲು ಮುಟ್ಟಿದಾಗ ಅದು ಶಾಶ್ವತವಾಗಿ ಉದ್ದವಾಗತೊಡಗುತ್ತದೆ ಎಂದರ್ಥ. 12 ಮಿಲಿಮೀಟರಿನ 10.9 ದರ್ಜೆಯ ಬೋಲ್ಟು ಸುಮಾರು 7 ಟನ್ ಎಳೆತವನ್ನು ಕೆಡದೆ ತಾಳುತ್ತದೆ, 8.8 ಆದರೆ ಸುಮಾರು 5 ಟನ್ ಮಾತ್ರ. ತುಕ್ಕು ಹಿಡಿಯದೆಂದು ಹೊಳೆಯುವ ಸ್ಟೇನ್‌ಲೆಸ್ ಬೋಲ್ಟನ್ನು ಆರಿಸುವವರಿದ್ದಾರೆ. ಅದರ ಸಾಮಾನ್ಯ ದರ್ಜೆಯಲ್ಲಿ ತುಂಡಾಗುವ ಮಿತಿಯೇ 700 ನ್ಯೂಟನ್. ಹೊಳಪಿಗೂ ಬಲಕ್ಕೂ ನಂಟಿಲ್ಲ.

‘ಹಾಗಾದರೆ ಎಲ್ಲಕ್ಕಿಂತ ಬಲವಾದ 12.9 ಅನ್ನೇ ಹಾಕಬಾರದೇಕೆ?’ ಎಂದು ನೀವು ಕೇಳಬಹುದು. ಇಲ್ಲೊಂದು ಸ್ವಾರಸ್ಯವಿದೆ. ಈ ಉಕ್ಕುಗಳೆಲ್ಲವೂ ಒಂದೇ ಎಳೆತಕ್ಕೆ ಹೆಚ್ಚು ಕಡಮೆ ಒಂದೇ ಅಳತೆಯಷ್ಟು ಹಿಗ್ಗುತ್ತವೆ. ದರ್ಜೆ ಹೆಚ್ಚಾದಂತೆ ಮಿತಿಯು ದೂರ ಹೋಗುವುದೇ ಹೊರತು ಅದುಮು ತಾನಾಗಿ ಹೆಚ್ಚುವುದಿಲ್ಲ. ಹಳೆಯ ಬೋಲ್ಟಿನಷ್ಟೇ ಬಿಗಿದರೆ ಲಾಭವಿಲ್ಲ; ಮನಸ್ಸಿಗೆ ಬಂದಷ್ಟು ಬಿಗಿದರೆ ಬ್ಲಾಕಿನ ತಿರುಪುಸುತ್ತುಗಳೇ ಕಿತ್ತುಬರಬಹುದು. ಸಾಮಾನ್ಯವಾಗಿ ದುಡಿಯುವ ಲಾರಿಗೆ ತಯಾರಕರು ಹೇಳಿದ ಬೋಲ್ಟೇ ಸಾಕು. ಈ ಎಂಜಿನ್ನಿನಲ್ಲಿ ಹಳೆಯ ಬೋಲ್ಟನ್ನು ಅಳತೆಪಟ್ಟಿಯಲ್ಲಿಟ್ಟು, ನಿಗದಿಯಾದ ಉದ್ದವನ್ನು ಮೀರಿರದಿದ್ದರೆ ಮತ್ತೆ ಬಳಸಬಹುದು. ಬೇರೆ ಕೆಲವು ಎಂಜಿನ್ನುಗಳ ಬೋಲ್ಟುಗಳನ್ನು ಒಂದು ಸಲ ಬಿಗಿದ ಮೇಲೆ ಎಸೆಯತಕ್ಕದ್ದು. ಶಕ್ತಿಯನ್ನು ಬಹಳ ಹೆಚ್ಚಿಸಿಕೊಂಡವರು ಸ್ಟಡ್ಡುಗಳನ್ನು ಹಾಕಿಸುತ್ತಾರೆ. ಸ್ಟಡ್ಡು ಬ್ಲಾಕಿನಲ್ಲಿ ಕೈಬಿಗಿಗೆ ಕುಳಿತಿದ್ದು, ಮೇಲೆ ನಟ್ಟು ಮಾತ್ರ ತಿರುಗುವುದರಿಂದ ಬ್ಲಾಕಿನ ಸುತ್ತುಗಳು ಸವೆಯುವುದಿಲ್ಲ, ಎಳೆತವೂ ಸಮನಾಗಿ ಬರುತ್ತದೆ. ಆದರೆ ಅದರ ಬಿಗಿತದ ಲೆಕ್ಕವೂ ಸವರುವ ಎಣ್ಣೆಯೂ ಬೇರೆ. ಬೋಲ್ಟಿನ ಲೆಕ್ಕವನ್ನು ಅದಕ್ಕೆ ಹಚ್ಚಬಾರದು.

ಕೊನೆಯದಾಗಿ ಬಿಗಿಯುವ ಕ್ರಮ. ವೀಣೆಯ ಬಿರಡೆಯನ್ನು ನೆನೆಯಿರಿ. ಬಿರಡೆ ಕಚ್ಚಿಕೊಂಡಿದ್ದರೆ ಅದನ್ನು ತಿರುಗಿಸಲು ಬಹಳ ಬಲ ಬೇಕು. ತಂತಿಯಾದರೋ ಸಡಿಲವಾಗಿಯೇ ಇರುತ್ತದೆ. ಬೋಲ್ಟಿನ ಸಂಗತಿಯೂ ಇದೇ. ಸ್ಪಾನರಿಗೆ ಹಾಕಿದ ಬಲದಲ್ಲಿ ಅರ್ಧದಷ್ಟು ಬೋಲ್ಟಿನ ತಲೆಯಡಿಯ ಘರ್ಷಣೆಗೂ ಹತ್ತರಲ್ಲಿ ನಾಲ್ಕು ಪಾಲಿನಷ್ಟು ತಿರುಪುಸುತ್ತುಗಳ ಘರ್ಷಣೆಗೂ ಹೋಗಿ, ಹಿಗ್ಗಿಸುವುದಕ್ಕೆ ಉಳಿಯುವುದು ಹತ್ತನೆಯ ಒಂದು ಪಾಲು ಮಾತ್ರ. ತುಕ್ಕು ಹಿಡಿದ ಬೋಲ್ಟು ಬಿಗಿಯಾದಂತೆ ನಟಿಸುತ್ತದೆ. ಆದುದರಿಂದ ಸುತ್ತುಗಳನ್ನು ಶುದ್ಧಮಾಡಿ, ಅವಕ್ಕೂ ತಲೆಯಡಿಗೂ ಎಂಜಿನ್ ಎಣ್ಣೆ ಸವರಬೇಕು. ತಳ ಮುಚ್ಚಿದ ಕುಳಿಯಲ್ಲಿ ಎಣ್ಣೆಯಾಗಲಿ ನೀರಾಗಲಿ ನಿಂತಿರಕೂಡದು. ಬೋಲ್ಟು ಇಳಿದಂತೆ ಅದು ಬ್ಲಾಕನ್ನೇ ಸೀಳಬಹುದು.

ಬಳಿಕ ನಡುವಿನಿಂದ ಅಂಚಿಗೆ, ಎಲ್ಲ ಬೋಲ್ಟುಗಳನ್ನೂ 90 ನ್ಯೂಟನ್-ಮೀಟರಿಗೆ ಬಿಗಿಯಬೇಕು. ಇದು ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ ಸುಮಾರು 9 ಕಿಲೋಗ್ರಾಂ ತೂಗಿಬಿಟ್ಟಷ್ಟು. ಅನಂತರ ಉದ್ದ ಬೋಲ್ಟುಗಳನ್ನು ಮಾತ್ರ 120ಕ್ಕೆ. ಕೊನೆಗೆ ಎಲ್ಲವನ್ನೂ ಕಾಲು ಸುತ್ತು, ಎಂದರೆ 90 ಡಿಗ್ರಿ ತಿರುಗಿಸಬೇಕು. ಈ ಕಾಲು ಸುತ್ತಿನಲ್ಲಿಯೇ ಜಾಣ್ಮೆಯಿದೆ. ಬೋಲ್ಟಿನ ಒಂದು ಸುತ್ತು 1.75 ಮಿಲಿಮೀಟರು; ಕಾಲು ಸುತ್ತಿಗೆ ಅದು ಸುಮಾರು 0.44 ಮಿಲಿಮೀಟರು ಇಳಿಯಲೇಬೇಕು. ಘರ್ಷಣೆ ಎಷ್ಟಿದ್ದರೂ ಈ ಲೆಕ್ಕ ಸುಳ್ಳಾಗದು. ರಾಕರುಗಳನ್ನು ಕೂರಿಸಿದ ಮೇಲೆ ಕವಾಟಗಳ ಸಂದನ್ನು, ಎಂಜಿನ್ನು ತಣ್ಣಗಿರುವಾಗ, ಒಳಗವಾಟಕ್ಕೆ 0.25 ಮತ್ತು ಹೊರಗವಾಟಕ್ಕೆ 0.51 ಮಿಲಿಮೀಟರಿಗೆ ಸರಿಪಡಿಸಿದರೆ ಮುಖ್ಯ ಕೆಲಸ ಮುಗಿದಂತೆ.

ತೋಳಿನ ಬಲವನ್ನೇ ನಂಬಿ ಬಿಗಿಯುವವನು ಗಟ್ಟಿಗನೆನಿಸಬಹುದು. ಅಳೆದು ಬಿಗಿಯುವವನು ತಡಮಾಡುವವನೆನಿಸಬಹುದು. ಆದರೆ ಲಾರಿಯ ಕಂತನ್ನು ತಿಂಗಳು ತಿಂಗಳಿಗೂ ಕಟ್ಟಬೇಕಾದ ಸಂಸಾರವನ್ನು ಕಾಪಾಡುವುದು ಆ ಎರಡನೆಯವನ ಕೈ. ಅವನು ಕೇಳುವ ಒಂದು ದಿನದ ಹೆಚ್ಚಿನ ಕೂಲಿಯನ್ನು ನಾವು ಸಂತೋಷದಿಂದ ಕೊಡತಕ್ಕದ್ದು.