ಇವತ್ತೇ ಯಾಕೆ ಬಂದಿರಿ?

ತಿಂಗಳುಗಟ್ಟಲೆ ಸುಸ್ತು, ಬಿಡದ ಕೆಮ್ಮು, ಬಂದು ಬಂದು ಹೋಗುವ ಎದೆಯುರಿ ಇದ್ದರೂ ವೈದ್ಯರಿಗೆ ತೋರಿಸದೆ ದಿನ ದೂಡುವುದಕ್ಕೆ ವೈದ್ಯಶಾಸ್ತ್ರದಲ್ಲಿ ‘ರೋಗಿಯ ವಿಳಂಬ’ ಎನ್ನುತ್ತಾರೆ. 1938ರಲ್ಲಿ ಜಾರ್ಜ್ ಪ್ಯಾಕ್ ಮತ್ತು ಜೇಮ್ಸ್ ಗ್ಯಾಲೊ ಎಂಬ ಅಮೆರಿಕದ ವೈದ್ಯರು ಕ್ಯಾನ್ಸರ್ ರೋಗಿಗಳ ಬಗ್ಗೆ ಬರೆಯುತ್ತ, ಮೊದಲ ಲಕ್ಷಣ ಕಂಡು ಮೂರು ತಿಂಗಳಾದರೂ ತೋರಿಸಿಕೊಳ್ಳದಿದ್ದರೆ ಅದನ್ನು ವಿಳಂಬವೆಂದು ಎಣಿಸಿದರು. ತಪ್ಪು ಯಾರದು ಎಂಬುದು ಅವರ ಮುಖ್ಯ ಪ್ರಶ್ನೆಯಾಗಿತ್ತು. ಆ ಧಾಟಿ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಕೇಳಿಸುತ್ತದೆ: “ಇಷ್ಟು ದಿನ ಏನು ಮಾಡ್ತಿದ್ರಿ? ಈಗ ಬಂದಿದ್ದೀರಲ್ಲ?” ಈ ಗದರಿಕೆಯಿಂದ ಯಾರೂ ಮುಂದಿನ ಸಲ ಬೇಗ ಬಂದದ್ದಿಲ್ಲ. ಗದರಿಸಿಕೊಳ್ಳಬೇಕಾಗುತ್ತದಲ್ಲ ಎಂಬ ಅಳುಕಿಗೆ ಇನ್ನೂ ತಡಮಾಡಿದವರು ಬೇಕಾದಷ್ಟು ಮಂದಿ ಇದ್ದಾರೆ.

ವಿಳಂಬಕ್ಕೆ ಮೂರು ಘಟ್ಟಗಳಿವೆ ಎಂದು 1979ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ವಿಂಗಡಿಸಿ ತೋರಿಸಿದರು. ಇದು ಕಾಯಿಲೆಯೇ ಎಂದು ತೀರ್ಮಾನಿಸುವ ತನಕ ಒಂದು. ಕಾಯಿಲೆ ಎಂದಾದ ಮೇಲೆ ವೈದ್ಯರು ಬೇಕೇ ಎಂದು ಯೋಚಿಸುವ ತನಕ ಇನ್ನೊಂದು. ಬೇಕು ಎಂದ ಮೇಲೆ ನಿಜಕ್ಕೂ ಹೊರಟು ಹೋಗುವ ತನಕ ಮೂರನೆಯದು. ನಾವೆಲ್ಲ ಮೂರನೆಯ ಘಟ್ಟವನ್ನೇ ದೊಡ್ಡದೆಂದು ತಿಳಿದಿರುತ್ತೇವೆ. ದುಡ್ಡಿಲ್ಲ, ಬಿಡುವಿಲ್ಲ, ಹೆದರಿಕೆ ಎನ್ನುತ್ತೇವೆ. ಅವೂ ನಿಜವೇ. ಆದರೆ ನಿಧಾನವಾಗಿ ಏರುವ ಕಾಯಿಲೆಗಳಲ್ಲಿ ಹೆಚ್ಚು ಕಾಲ ನುಂಗುವುದು ಮೊದಲನೆಯ ಘಟ್ಟ. ಅಲ್ಲಿ ಜನ ಮುಂದೂಡುತ್ತಿರುವುದಿಲ್ಲ. ಮುಂದೂಡಲು ಏನಾದರೂ ಇದೆ ಎಂಬುದೇ ಅವರಿಗೆ ತಿಳಿದಿರುವುದಿಲ್ಲ. ಹಾಗೇಕೆ ಎಂದು ತಿಳಿಯಬೇಕಾದರೆ ರಕ್ತಹೀನತೆಯನ್ನು ನೋಡಬೇಕು. ಈ ವಿಷಯ ಬಂದಾಗಲೆಲ್ಲ ನಾನು ಇದೊಂದರಲ್ಲೇ ಹೆಚ್ಚು ಹೊತ್ತು ನಿಲ್ಲುತ್ತೇನೆ.

ನಲವತ್ತು ದಾಟಿದ ಒಬ್ಬ ಹೆಣ್ಣುಮಗಳನ್ನು ಎಣಿಸಿಕೊಳ್ಳಿ. ಎರಡು ವರ್ಷಗಳಿಂದ ಮುಟ್ಟಿನಲ್ಲಿ ಹೆಚ್ಚು ಹೋಗುತ್ತಿದೆ. ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. 80 ದಾಟಿದರೆ ಅತಿಸ್ರಾವ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ಅಂದರೆ 80 ಮಿಲಿಲೀಟರ್ ಹೋದರೆ 40 ಮಿಲಿಗ್ರಾಂ ಕಬ್ಬಿಣ ಹೋಯಿತು. ಊಟದಿಂದ ದೇಹ ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಅದರಲ್ಲೂ ಹೆಚ್ಚುಕಡಿಮೆ ಒಂದು ಮಿಲಿಗ್ರಾಂ ಚರ್ಮ, ಕರುಳುಗಳ ಮೂಲಕ ದಿನವೂ ಸವೆದುಹೋಗುತ್ತದೆ. ಈ ಜಮಾ-ಖರ್ಚು ತಿಂಗಳ ಕೊನೆಗೆ ಸರಿಹೊಂದುವುದಿಲ್ಲ. ಮೊದಲು ದೇಹದಲ್ಲಿ ಕೂಡಿಟ್ಟ ಕಬ್ಬಿಣ ಖಾಲಿಯಾಗುತ್ತದೆ, ಆಮೇಲೆ ಹಿಮೋಗ್ಲೋಬಿನ್ ಇಳಿಯತೊಡಗುತ್ತದೆ. ಹೆಂಗಸರಿಗೆ 12 ಗ್ರಾಂ ಇರಬೇಕಾದದ್ದು 11ಕ್ಕೆ, 9ಕ್ಕೆ, ಕೊನೆಗೆ 6ಕ್ಕೆ ಬರುತ್ತದೆ.

ಅಪಘಾತದಲ್ಲಿ ಒಂದೂವರೆ ಲೀಟರ್ ರಕ್ತ ಒಮ್ಮೆಲೇ ಹೋದರೆ ಮನುಷ್ಯ ಬೆವೆತು, ನಾಡಿ ಓಡಿ, ಕುಸಿದುಬೀಳುತ್ತಾನೆ. ಈಕೆಯ ರಕ್ತದ ಬಲ ಅರ್ಧಕ್ಕೆ ಇಳಿದಿದ್ದರೂ ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುತ್ತಾಳೆ, ಹೊಲಕ್ಕೆ ಹೋಗುತ್ತಾಳೆ. ಇದು ಹೇಗೆ ಸಾಧ್ಯ ಎಂದು ಕೇಳುವವರು ಬಹಳ ಕಡಿಮೆ. ಕೇಳಿದವರಿಗೆ ಉತ್ತರ ಹೇಳುವುದೆಂದರೆ ನನಗೆ ಹಬ್ಬ.

ಇಳಿಕೆ ನಿಧಾನವಾದಾಗ ದೇಹಕ್ಕೆ ಹೊಂದಿಕೊಳ್ಳಲು ಕಾಲಾವಕಾಶ ಸಿಗುತ್ತದೆ. ಕೆಂಪು ರಕ್ತಕಣಗಳ ಒಳಗೆ ಡಿಪಿಜಿ ಎಂಬ ಸಣ್ಣ ರಾಸಾಯನಿಕವೊಂದು ಹೆಚ್ಚುತ್ತದೆ. ಅದು ಹೆಚ್ಚಾದರೆ ಹಿಮೋಗ್ಲೋಬಿನ್ ತಾನು ಹೊತ್ತು ತಂದ ಆಮ್ಲಜನಕವನ್ನು ಅಂಗಾಂಶಗಳಿಗೆ ಸುಲಭವಾಗಿ ಬಿಟ್ಟುಕೊಡುತ್ತದೆ. ಎತ್ತರದ ಬೆಟ್ಟ ಪ್ರದೇಶಕ್ಕೆ ಹೋಗಿ ನೆಲೆಸಿದವರ ರಕ್ತದಲ್ಲೂ ಇದೇ ಬದಲಾವಣೆ ಆಗುತ್ತದೆ. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ದೂಡುತ್ತದೆ. ಚರ್ಮಕ್ಕೆ ಹೋಗುವ ರಕ್ತ ಕಡಿಮೆಯಾಗಿ ಮಿದುಳಿಗೂ ಹೃದಯಕ್ಕೂ ಹೆಚ್ಚು ಸಿಗುತ್ತದೆ. ಮುಖ ಬಿಳಿಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಎಷ್ಟು ಜಾಣ ದೇಹ ನೋಡಿ! ಆದರೆ ಈ ಜಾಣತನವೇ ಅವಳಿಂದ ಕಾಯಿಲೆಯನ್ನು ಮುಚ್ಚಿಡುತ್ತದೆ.

ದೇಹ ಒಳಗೆ ಹೊಂದಿಕೊಂಡಂತೆ ಅವಳ ದಿನಚರಿಯೂ ಹೊರಗೆ ಹೊಂದಿಕೊಳ್ಳುತ್ತದೆ. ಎರಡು ಕೊಡ ಒಟ್ಟಿಗೆ ತರುತ್ತಿದ್ದವಳು ಒಂದೊಂದೇ ತರುತ್ತಾಳೆ. ಒರಳು ಬಿಟ್ಟು ಮಿಕ್ಸಿ ಹಿಡಿಯುತ್ತಾಳೆ. ಗುಡಿಯ ಮೆಟ್ಟಿಲಲ್ಲಿ ಅರ್ಧಕ್ಕೆ ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡು, “ನೀವು ನಡೀರಿ, ನಾನು ಬರ್ತೀನಿ” ಎನ್ನುತ್ತಾಳೆ. ಅಕ್ಕಿ ಆರಿಸುವಾಗ ಹಸಿ ಅಕ್ಕಿಯನ್ನೇ ಬಾಯಿಗೆ ಹಾಕಿಕೊಳ್ಳುವ ಚಪಲ ಶುರುವಾಗಿರುತ್ತದೆ. ಕೆಲವರಿಗೆ ಮಣ್ಣು, ಸುಣ್ಣದ ಕಡ್ಡಿ, ಐಸು ತಿನ್ನುವ ಆಸೆ. ಇದು ಕಬ್ಬಿಣದ ಕೊರತೆಯ ಗುರುತು ಎಂದು ಗೊತ್ತಿಲ್ಲದೆ ಮನೆಯವರು ನಕ್ಕು ಸುಮ್ಮನಾಗುತ್ತಾರೆ. ಸುಸ್ತಿಗೂ ಕಾರಣ ಸಿದ್ಧವಾಗಿರುತ್ತದೆ: ವಯಸ್ಸಾಯಿತು, ಉಷ್ಣ ಆಗಿದೆ, ಮುಟ್ಟು ನಿಲ್ಲುವ ಕಾಲ, ದೃಷ್ಟಿ ತಾಗಿದೆ. ಒಂದೊಂದು ಕಾರಣವೂ ಒಂದೊಂದು ತಿಂಗಳನ್ನು ತಿನ್ನುತ್ತದೆ.

ಹಾಗಾದರೆ ಕಂಡುಹಿಡಿಯುವವರು ಯಾರು? ಬಹಳ ಸಲ, ಆರು ತಿಂಗಳ ನಂತರ ತವರಿಗೆ ಬಂದ ಮಗಳು. ಬಾಗಿಲಲ್ಲೇ ನಿಂತು “ಯಾಕವ್ವಾ ಹಿಂಗೆ ಬಿಳಿಚಿಕೊಂಡಿದ್ದೀ?” ಎನ್ನುತ್ತಾಳೆ. ದಿನಾ ಒಟ್ಟಿಗೆ ಉಣ್ಣುವ ಗಂಡ, ಮಕ್ಕಳು, ಸೊಸೆ ಯಾರಿಗೂ ಕಾಣದ್ದು ಅವಳಿಗೆ ಕಾಣುತ್ತದೆ. ಮನೆಯವರಿಗೆ ಪ್ರೀತಿ ಕಡಿಮೆ ಎಂದಲ್ಲ. ನಿಧಾನವಾದ ಬದಲಾವಣೆಗೆ ಅವರ ಕಣ್ಣೂ ಹೊಂದಿಕೊಂಡಿರುತ್ತದೆ. 1979ರ ಆ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ: ತೀವ್ರ ನೋವು, ಕಣ್ಣಿಗೆ ಕಾಣುವ ರಕ್ತ ಇದ್ದರೆ ಜನ ಬೇಗ ಎಚ್ಚೆತ್ತುಕೊಳ್ಳುತ್ತಾರೆ, ಲಕ್ಷಣ ಹಳೆಯದಾದಷ್ಟೂ ತಡಮಾಡುತ್ತಾರೆ. “ಇದು ಹಳೇದು ಬಿಡಿ” ಎಂಬ ಮಾತನ್ನು ನಾವು ಸಮಾಧಾನಕ್ಕೆ ಬಳಸುತ್ತೇವೆ. ವೈದ್ಯರ ಕಿವಿಗೆ ಅದು ಎಚ್ಚರಿಕೆಯ ಗಂಟೆ.

ರಾಷ್ಟ್ರೀಯ ಕುಟುಂಬ ಆರೋಗ್ಯದ 5ನೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ, ಕರ್ನಾಟಕದಲ್ಲಿ ಶೇ. 47.8. ಊರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರು ಹೀಗೆಯೇ ಇದ್ದರೆ ಸುಸ್ತು ಕಾಯಿಲೆ ಎಂದು ಹೊಳೆಯುವುದಾದರೂ ಹೇಗೆ? ಹೆಂಗಸರ ಸಹಜ ಸ್ಥಿತಿಯೇ ಅದು ಎಂದಾಗಿಬಿಡುತ್ತದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಇರ್ವಿಂಗ್ ಜೋಲಾ ಈ ವಿಳಂಬದ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಹಿಡಿದರು. ಜೋಲಾ ಸ್ವತಃ ಪೋಲಿಯೊದ ಪೆಟ್ಟು ತಿಂದವರು. ಬೋಸ್ಟನ್ನಿನ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಕೂತು, ಐರಿಷ್, ಇಟಾಲಿಯನ್ ಮೂಲದವರೂ ಸೇರಿದಂತೆ ಮೊದಲ ಸಲ ಬಂದ ರೋಗಿಗಳನ್ನು ಮಾತಾಡಿಸಿದರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಎಲ್ಲರೂ ಕೇಳುತ್ತಿದ್ದಾಗ ಅವರು ಕೇಳಿದ್ದು, ಇವತ್ತೇ ಯಾಕೆ ಬಂದಿರಿ ಎಂದು. ಕಾಯಿಲೆ ಅತ್ಯಂತ ಜೋರಾದ ದಿನ ಜನ ಬರುತ್ತಾರೆ ಎಂಬ ನಂಬಿಕೆ ಅಲ್ಲಿ ಬಿದ್ದುಹೋಯಿತು. ಲಕ್ಷಣದ ಜೊತೆ ಮಾಡಿಕೊಂಡಿದ್ದ ಹೊಂದಾಣಿಕೆ ಮುರಿದ ದಿನ ಜನ ಬರುತ್ತಾರೆ, ನೋವು ನಿನ್ನೆಯಷ್ಟೇ ಇದ್ದರೂ ಸರಿ.

1973ರ ಲೇಖನದಲ್ಲಿ ಜೋಲಾ ಐದು ಪ್ರಚೋದನೆಗಳನ್ನು ಹೆಸರಿಸಿದರು. ಸುತ್ತಲಿನವರ ಬದುಕಿನಲ್ಲಿ ಆಗುವ ಆಘಾತ ಒಂದು. ನಾಲ್ಕು ಜನರ ನಡುವಿನ ಓಡಾಟಕ್ಕೆ ಕಾಯಿಲೆ ಅಡ್ಡ ಬರುವುದು ಇನ್ನೊಂದು. ಕೆಲಸಕ್ಕೆ ಅಡ್ಡ ಬರುವುದು ಮತ್ತೊಂದು. “ನಡಿ, ತೋರಿಸ್ಕೊಂಡು ಬರೋಣ” ಎಂದು ಬೇರೊಬ್ಬರು ಒತ್ತಾಯಿಸಿ ಎಬ್ಬಿಸುವುದು ನಾಲ್ಕನೆಯದು. ಐರಿಷ್ ಮೂಲದವರಲ್ಲಿ ಇದು ಹೆಚ್ಚು ಕಂಡಿತು. ಇಂಥ ದಿನದೊಳಗೆ ಹೋಗದಿದ್ದರೆ ತೋರಿಸುತ್ತೇನೆ ಎಂದು ತನಗೆ ತಾನೇ ಗಡುವು ಹಾಕಿಕೊಳ್ಳುವುದು ಐದನೆಯದು. ಮೊದಲನೆಯದಕ್ಕೆ ನಮ್ಮಲ್ಲೇ ದೊಡ್ಡ ಸಾಕ್ಷಿ ಇದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ಅವರ ಎದೆಯಲ್ಲಿ ಆ ವಾರ ಹೊಸದೇನೂ ಆಗಿರಲಿಲ್ಲ. ಆ ನೂಕುನುಗ್ಗಲನ್ನು ಗಾಬರಿ ಎಂದು ಹಲವರು ತಳ್ಳಿಹಾಕಿದರು. ನಾನು ಒಪ್ಪುವುದಿಲ್ಲ. ಬಹಳ ದಿನದಿಂದ ಒಳಗಿದ್ದ ಅನುಮಾನಕ್ಕೆ ಹೊರಡುವ ಒಂದು ನೆಪ ಸಿಕ್ಕಿತ್ತು.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲೇ ತೀರಿಸಿಬಿಡೋಣ. ನೋವಿಲ್ಲದಿದ್ದರೆ ಭಯವಿಲ್ಲ ಎಂಬುದು ಒಂದು. ರಕ್ತದೊತ್ತಡಕ್ಕೆ ನೋವಿಲ್ಲ, ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ, ಪತ್ತೆಯಾಗುವ ಹೊತ್ತಿಗೆ ಕಣ್ಣಿಗೋ ಮೂತ್ರಪಿಂಡಕ್ಕೋ ಪೆಟ್ಟು ಬಿದ್ದಿರಬಹುದು, ಸ್ತನದ ಕ್ಯಾನ್ಸರ್ ಗಂಟು ಮೊದಮೊದಲು ಬಹುತೇಕ ನೋಯುವುದೇ ಇಲ್ಲ. “ಟೆಸ್ಟ್ ಮಾಡಿಸಿದ್ರೆ ಇಲ್ಲದ್ದೆಲ್ಲ ಹೊರಗೆ ಬರುತ್ತೆ” ಎಂಬುದು ಇನ್ನೊಂದು. ಇದರ ಹಿಂದೆ ಇರುವುದು ದಡ್ಡತನವಲ್ಲ, ಹೆದರಿಕೆ. ಹೆಸರು ಹಿಡಿಯುವ ತನಕ ಕಾಯಿಲೆ ಇಲ್ಲ ಎಂದುಕೊಂಡರೆ ಮನಸ್ಸಿಗೆ ಅಷ್ಟು ದಿನ ನೆಮ್ಮದಿ. ಇಂಥವರಿಗೆ ಭಯ ಹುಟ್ಟಿಸಿದರೆ ಇನ್ನಷ್ಟು ದೂರ ಓಡುತ್ತಾರೆ. ವಾಸಿಯಾಗುತ್ತದೆ ಎಂದು ಹೇಳಿದರೆ ಬರುತ್ತಾರೆ.

ಮೂರನೆಯ ಘಟ್ಟದ ಅಡ್ಡಿಗಳಿಗೆ ವಿವರಣೆ ಬೇಕಿಲ್ಲ, ಎಲ್ಲರಿಗೂ ಗೊತ್ತು. ಒಂದು ದಿನದ ಕೂಲಿ, ಬಸ್ಸಿನ ಹೊತ್ತು, ಮಧ್ಯಾಹ್ನಕ್ಕೆ ಮುಗಿಯುವ ಚೀಟಿ. ಹೆಂಗಸರ ಮಟ್ಟಿಗೆ ಜೊತೆಗೆ ಬರುವವರಿಲ್ಲದಿರುವುದು ದುಡ್ಡಿಗಿಂತ ದೊಡ್ಡ ಅಡ್ಡಿ ಎನ್ನುವುದು ನನ್ನ ಅನಿಸಿಕೆ. ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯ ಬೆಲೆ ಇಲ್ಲಿದೆ. ಅವರು ಹೊರಗಿನ ಕಣ್ಣು ಮತ್ತು ಜೊತೆಗಾತಿ ಎರಡೂ ಹೌದು.

ಮೊದಲ ಘಟ್ಟಕ್ಕೆ ಮದ್ದು ಎಂದರೆ ಜೋಲಾ ಹೇಳಿದ ಐದನೆಯ ಪ್ರಚೋದನೆ, ಅಂದರೆ ಗಡುವು. ಆದರೆ “ಹಬ್ಬ ಮುಗೀಲಿ, ಕೊಯ್ಲು ಮುಗೀಲಿ, ಬಾಣಂತನ ಮುಗೀಲಿ” ಎಂಬ ಗಡುವು ಜರುಗುತ್ತಲೇ ಇರುತ್ತದೆ. ಕಾಯಿಲೆಯ ಗಡುವನ್ನು ಮನೆಯ ಕೆಲಸಕ್ಕೆ ಕಟ್ಟಬೇಡಿ, ಕ್ಯಾಲೆಂಡರಿಗೆ ಕಟ್ಟಿ. ಕೆಮ್ಮು ಎರಡು ವಾರವಾದರೆ ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಬಾಯಿಯ ಹುಣ್ಣು ಮೂರು ವಾರಕ್ಕೂ ಮಾಯದಿದ್ದರೆ ತೋರಿಸಲೇಬೇಕು, ಎಲೆಅಡಿಕೆ-ತಂಬಾಕು ಹಾಕುವವರಂತೂ ಒಂದು ದಿನವೂ ಹೆಚ್ಚು ಕಾಯಬಾರದು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಸ್ತನದಲ್ಲಿ ಗಂಟು ಕೈಗೆ ಸಿಕ್ಕರೂ, ಮಲದಲ್ಲಿ ರಕ್ತ ಹೋದರೂ ಅದೇ ವಾರ ಹೋಗಿ. ಎದೆ ಹಿಂಡಿ ಬೆವರು ಕಿತ್ತುಕೊಂಡರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಯುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

ಮತ್ತೆ ರಕ್ತಹೀನತೆಗೆ ಬಂದರೆ, ಹಿಮೋಗ್ಲೋಬಿನ್ 6 ಎಂದು ಕೇಳಿದ ಕೂಡಲೇ ಮನೆಯವರು “ಎರಡು ಬಾಟಲಿ ರಕ್ತ ಏರಿಸಿಬಿಡಿ” ಎನ್ನುತ್ತಾರೆ. ಅಷ್ಟು ಸುಲಭವಿಲ್ಲ. ಆಗಲೇ ಹೆಚ್ಚು ದುಡಿಯುತ್ತಿರುವ ಹೃದಯಕ್ಕೆ ಬೇಗ ಬೇಗ ರಕ್ತ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಕೂಡಲೇ ಅಪಾಯವಿಲ್ಲದವರಿಗೆ ಕಬ್ಬಿಣದ ಮಾತ್ರೆಯೋ ಇಂಜೆಕ್ಷನ್ನೋ ಸಾಕಾಗುತ್ತದೆ. ಮಾತ್ರೆಯನ್ನು ಕಾಫಿ, ಚಹಾ, ಹಾಲಿನ ಜೊತೆ ನುಂಗಬಾರದು. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೆ ಮಾತ್ರ ಖಾಲಿಯಾದ ಸಂಗ್ರಹ ತುಂಬುತ್ತದೆ. ರಕ್ತ ಎಲ್ಲಿ ಸೋರುತ್ತಿದೆ ಎಂಬುದನ್ನೂ ಹುಡುಕಬೇಕು. ಗಂಡಸರಲ್ಲಿ ಅಥವಾ ಮುಟ್ಟು ನಿಂತವರಲ್ಲಿ ಕಬ್ಬಿಣ ಕಡಿಮೆಯಾಗಿದ್ದರೆ ಹೊಟ್ಟೆ-ಕರುಳನ್ನು ಪರೀಕ್ಷಿಸದೆ ಬಿಡುವುದು ತಪ್ಪು.

ಜೋಲಾ ಪ್ರಶ್ನೆ ಬೋಸ್ಟನ್ನಿನಲ್ಲೇ ಉಳಿಯಬಾರದು. ರಾಯಚೂರಿನ ಹತ್ತಿಹೊಲದಿಂದ ಬಂದವಳ ಪ್ರಚೋದನೆ ಬೇರೆ, ಮಂಗಳೂರಿನ ದೋಣಿಗೆ ಹೋಗುವವನದು ಬೇರೆ, ಬೆಂಗಳೂರಿನ ರಾತ್ರಿಪಾಳಿಯ ಹುಡುಗನದು ಬೇರೆ ಇರಲೇಬೇಕು. ಸಮಾಜಶಾಸ್ತ್ರ, ಸಮಾಜಕಾರ್ಯ, ನರ್ಸಿಂಗ್ ಓದುವ ನಮ್ಮ ಮಕ್ಕಳು ಪ್ರಬಂಧಕ್ಕೆ ವಿಷಯ ಹುಡುಕುವಾಗ ಇದನ್ನು ಎತ್ತಿಕೊಳ್ಳಲಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಒಂದು ವಾರ ಕೂತು, ಬಂದವರನ್ನೆಲ್ಲ “ಇವತ್ತೇ ಯಾಕೆ ಬಂದಿರಿ?” ಎಂದು ಅಕ್ಕರೆಯಿಂದ ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಲಿ. ವೈದ್ಯರೂ ಹೊರರೋಗಿ ಚೀಟಿಯಲ್ಲಿ ಆ ಉತ್ತರಕ್ಕೊಂದು ಸಾಲು ಜಾಗ ಬಿಡಲಿ.